ಕೂಸಿನ ಹೊಟ್ಟೆ ಮೇಲೆ ತಾಯಿಯ ಕೈ

(ಜೂನ್ 19ರ ವಿಶ್ವ ಸಿಕಲ್ ಸೆಲ್ ದಿನಕ್ಕೆಂದು ಚಾಮರಾಜನಗರ ಜಿಲ್ಲೆಯ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಡಿಲಲ್ಲಿ ಕೂಸು ಇಟ್ಟುಕೊಂಡು ಕೂತಿರುವ ತಾಯಂದಿರು ತುಂಬಾ ಜನ ಇದ್ದೀರಿ. ಮಕ್ಕಳು ಅತ್ತರೆ ಎದ್ದು ಹೊರಗೆ ಹೋಗಬೇಡಿ. ಅಳಲಿ ಬಿಡಿ. ಈ ಮಾತೆಲ್ಲ ಅವರದೇ ವಿಷಯ.

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ತಾಯಂದಿರು ನೂರೆಂಟು ಮಾತು ಹೇಳುತ್ತಾರೆ. ಅದರಲ್ಲಿ ಒಂದು ಮಾತು ಕೇಳಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗುತ್ತೇನೆ. "ಡಾಕ್ಟ್ರೇ, ಮಗು ಯಾವಾಗಲೂ ಹಿಂಗಿರಲ್ಲ." ಜ್ವರ ಎಷ್ಟಿದೆ, ನಾಡಿ ಎಷ್ಟಿದೆ, ರಕ್ತ ಎಷ್ಟಿದೆ ಅನ್ನೋದನ್ನ ನಾವು ಅಳೆಯಬಹುದು. ಈ ಮಗು ಯಾವಾಗಲೂ ಹೇಗಿರುತ್ತೆ ಅನ್ನೋದನ್ನ ಅಳೆಯುವ ಯಂತ್ರ ಎಲ್ಲೂ ಸಿಗಲ್ಲ. ಅದು ಮನೆಯವರಿಗೆ ಮಾತ್ರ ಗೊತ್ತು. ಹುಟ್ಟಿನಿಂದಲೇ ಕಾಯಿಲೆ ಇರುವ ಕೂಸಿನ ವಿಷಯದಲ್ಲಂತೂ ಜೀವ ಉಳಿಯೋದು ಎಷ್ಟೋ ಸಲ ಈ ಒಂದು ಮಾತಿನ ಮೇಲೆ. ಇವತ್ತು ನಾನು ಹೇಳೋದೆಲ್ಲ ಇದರ ಸುತ್ತಲೇ ಇದೆ.

ಮೊದಲು ಕಾಯಿಲೆ ಏನು ಅಂತ ಸ್ವಲ್ಪ ನೋಡೋಣ. ನಮ್ಮ ರಕ್ತ ಕೆಂಪಗಿರೋದು ಹಿಮೋಗ್ಲೋಬಿನ್‌ನಿಂದ. ಮೈಗೆಲ್ಲ ಆಮ್ಲಜನಕ ಹೊತ್ತು ತರುವುದು ಇದೇ. ಸಿಕಲ್ ಸೆಲ್ ಇರುವವರಲ್ಲಿ ಈ ಹಿಮೋಗ್ಲೋಬಿನ್‌ನ ರಚನೆಯಲ್ಲಿ ಒಂದೇ ಒಂದು ಕಡೆ ವ್ಯತ್ಯಾಸ ಇರುತ್ತೆ. ಅದನ್ನು ಕಟ್ಟಿರುವ ಅಮೈನೋ ಆಮ್ಲಗಳ ಸಾಲಿನಲ್ಲಿ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ವ್ಯಾಲಿನ್ ಇರುತ್ತೆ. ಅಷ್ಟೇ. ಆದರೆ ಆಮ್ಲಜನಕ ಕಮ್ಮಿಯಾದಾಗ ಇಂಥ ಹಿಮೋಗ್ಲೋಬಿನ್ ಗಟ್ಟಿಯಾಗಿ, ದುಂಡಗಿದ್ದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುತ್ತೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಬೇಗ ಸಾಯುತ್ತವೆ. ಮಾಮೂಲಿ ಕೆಂಪು ಕಣ 120 ದಿನ ಬದುಕಿದರೆ ಇವು 10ರಿಂದ 20 ದಿನ. ಅದಕ್ಕೇ ಈ ಮಕ್ಕಳಿಗೆ ಸದಾ ರಕ್ತ ಕಮ್ಮಿ.

ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಪಕ್ಕದ ನೀಲಗಿರಿ ಬೆಟ್ಟಗಳಲ್ಲಿ. ಬೆಟ್ಟಸಾಲಿನ ಈಚೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಎಚ್.ಡಿ. ಕೋಟೆ ಕಡೆಯ ಕುರುಬ ಹಾಡಿಗಳಲ್ಲಿ, ಆಚೆ ವಯನಾಡಿನಲ್ಲೂ ಇದೆ. ಕಾಡಿಗೆ ಗೆರೆ ಎಳೆದು ರಾಜ್ಯ ಮಾಡಿದ್ದು ನಾವು, ರಕ್ತಕ್ಕೆ ಆ ಗೆರೆ ಗೊತ್ತಿಲ್ಲ. ಮಲೇರಿಯಾ ಜಾಸ್ತಿ ಇದ್ದ ಕಡೆಗಳಲ್ಲಿ ತಲೆಮಾರುಗಳಿಂದ ಈ ಗುಣ ಉಳಿದುಕೊಂಡಿದೆ. ಯಾಕೆಂದರೆ ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಅದು ಮಲೇರಿಯಾದ ಹೊಡೆತದಿಂದ ಕಾಪಾಡುತ್ತೆ. ಅಂಥವರಿಗೆ ಕಾಯಿಲೆ ಇರಲ್ಲ, ಅವರು ವಾಹಕರು ಅಷ್ಟೇ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದು ಯಾರ ಪಾಪವೂ ಅಲ್ಲ, ಯಾವ ದೇವರ ಸಿಟ್ಟೂ ಅಲ್ಲ. ಸೊಸೆಯಿಂದ ಬಂತು ಅನ್ನುವ ಅತ್ತೆಯಂದಿರಿಗೆ ನಾನು ಯಾವಾಗಲೂ ಹೇಳುತ್ತೇನೆ, ನಿಮ್ಮ ಮಗ ಅರ್ಧ ಕೊಡದೇ ಇದ್ದಿದ್ದರೆ ಈ ಮಗುವಿಗೆ ಕಾಯಿಲೆ ಬರುತ್ತಲೇ ಇರಲಿಲ್ಲ ಅಂತ.

ಹುಟ್ಟಿದಾಗ ಮಗು ಚೆನ್ನಾಗೇ ಇರುತ್ತೆ. ಬಸಿರಿನಲ್ಲಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ಮೈಯಲ್ಲಿ ಜಾಸ್ತಿ ಇರೋದರಿಂದ ಮೊದಲ ಕೆಲವು ತಿಂಗಳು ಏನೂ ಗೊತ್ತಾಗಲ್ಲ. ಆರು ತಿಂಗಳು ದಾಟಿದ ಮೇಲೆ ಒಂದು ದಿನ ಕೈ ಕಾಲಿನ ಬೆರಳು ಊದಿಕೊಳ್ಳುತ್ತೆ, ಮುಟ್ಟಿದರೆ ಚೀರುತ್ತೆ. ಬಿದ್ದಿರಬೇಕು, ಹುಳ ಕಚ್ಚಿರಬೇಕು ಅಂದುಕೊಳ್ಳುತ್ತಾರೆ. ಎಷ್ಟೋ ಮಕ್ಕಳಲ್ಲಿ ಕಾಯಿಲೆ ಮೊದಲು ಕಾಣಿಸಿಕೊಳ್ಳೋದು ಹೀಗೆ.

ಈಗ ಒಂದು ಮಗುವಿನ ಕತೆ ಹೇಳುತ್ತೇನೆ. ಹೆಸರು, ಊರು ಬೇಡ. ಎರಡು ವರ್ಷ ತುಂಬಿದ ಹುಡುಗಿ. ಬೆರಳು ಊದಿಕೊಂಡು ಬಂದಾಗ ಕಾಯಿಲೆ ಗೊತ್ತಾಗಿತ್ತು. ಆಗ ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು ಅವಳ ತಾಯಿಯನ್ನು ಕೂರಿಸಿಕೊಂಡು ಗುಲ್ಮ ಮುಟ್ಟಿ ನೋಡುವುದು ಹೇಗೆ ಅಂತ ಕಲಿಸಿದ್ದರು. ಎಡಗಡೆ ಪಕ್ಕೆಲುಬಿನ ಒಳಗೆ ಅಡಗಿ ಕೂತಿರುವ ಅಂಗ ಗುಲ್ಮ. ಆರೋಗ್ಯವಾಗಿರುವ ಮಕ್ಕಳಲ್ಲಿ ಸಾಮಾನ್ಯವಾಗಿ ಕೈಗೆ ಸಿಗಲ್ಲ. ಈ ಹುಡುಗಿಗೆ ಪಕ್ಕೆಲುಬಿನಿಂದ ಎರಡು ಬೆರಳು ಕೆಳಗೆ ಸಿಗುತ್ತಿತ್ತು. "ಎರಡು ಬೆರಳು ಅಂದರೆ ಇವಳಿಗೆ ಮಾಮೂಲು" ಅಂತ ಸಿಸ್ಟರ್ ಹೇಳಿ ಕಳಿಸಿದ್ದರು.

ಒಂದು ದಿನ ಬೆಳಿಗ್ಗೆ ಹುಡುಗಿ ಕೋಳಿ ಮರಿ ಹಿಂದೆ ಓಡಾಡಿಕೊಂಡು ಇದ್ದಳು. ಮಧ್ಯಾಹ್ನ ಊಟ ಬೇಡ ಅಂದಳು. ಸಂಜೆ ಎತ್ತಿಕೋ ಅಂತ ಕೈ ಚಾಚಿದಳು, ಎತ್ತಿಕೊಂಡರೆ ಹೆಗಲ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು. ಜ್ವರ ಇಲ್ಲ, ವಾಂತಿ ಇಲ್ಲ, ಭೇದಿ ಇಲ್ಲ. ಅಜ್ಜಿ ದೃಷ್ಟಿ ತೆಗೆದರು. ತಾಯಿ ಅಂಗೈ ನೋಡಿದಳು, ಬಿಳುಚಿಕೊಂಡಿತ್ತು. ಹೊಟ್ಟೆ ಮೇಲೆ ಕೈ ಇಟ್ಟಳು. ಗುಲ್ಮ ಎರಡು ಬೆರಳಿನ ಕೆಳಗೆ ನಿಂತಿರಲಿಲ್ಲ. ಹೊಕ್ಕುಳದ ಹತ್ತಿರ ಬಂದಿತ್ತು.

ಆಶಾಗೆ ಫೋನ್ ಹೋಯಿತು, 108 ಬಂತು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ನೋಡಿದವರು "ಸಿಕಲ್ ಸೆಲ್ ಮಗು ಅಲ್ವಾ, ಇವರಿಗೆ ಯಾವಾಗಲೂ ರಕ್ತ ಕಮ್ಮಿನೇ. ಜ್ವರನೂ ಇಲ್ಲ. ಬೆಳಿಗ್ಗೆ ನೋಡೋಣ" ಅಂದರು. ತಾಯಿ ಒಪ್ಪಲಿಲ್ಲ. ಜೋರು ಮಾತಾಡುವ ಹೆಂಗಸಲ್ಲ ಆಕೆ. ಆದರೂ ಮೇಜು ಬಿಟ್ಟು ಕದಲಲಿಲ್ಲ. "ಎರಡು ಬೆರಳಿತ್ತು, ಈಗ ಇಲ್ಲಿಗೆ ಬಂದಿದೆ, ನೀವೇ ಮುಟ್ಟಿ ನೋಡಿ" ಅಂತ ಹೇಳುತ್ತಲೇ ಇದ್ದಳು. ಕೊನೆಗೆ ಮುಟ್ಟಿ ನೋಡಿದರು. ಆಮೇಲೆ ತಡ ಮಾಡಲಿಲ್ಲ. ಡ್ರಿಪ್ ಹಾಕಿ, ಲೆಟರ್ ಬರೆದು, ಅದೇ ಆಂಬುಲೆನ್ಸಿನಲ್ಲಿ ನಮ್ಮ ಕಡೆ ಕಳಿಸಿದರು.

ಹುಡುಗಿ ಬಂದಾಗ ಕಣ್ಣು ಬಿಡುತ್ತಿದ್ದಳು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಸೂಜಿ ಚುಚ್ಚಿದರೂ ಕೈ ಎಳೆದುಕೊಳ್ಳಲಿಲ್ಲ. ಎರಡು ವರ್ಷದ ಮಗು ಸೂಜಿಗೆ ಅಳದೇ ಇದ್ದರೆ ನಮಗೆ ಭಯ ಶುರುವಾಗುತ್ತೆ. ಹಿಮೋಗ್ಲೋಬಿನ್ ಯಾವಾಗಲೂ 8ರ ಹತ್ತಿರ ಇರುತ್ತಿದ್ದ ಮಗುವಿಗೆ ಆ ರಾತ್ರಿ 4 ಇತ್ತು.

ಏನಾಗಿತ್ತು? ಬಾಗಿದ ಕಣಗಳು ಗುಲ್ಮದಿಂದ ರಕ್ತ ಹೊರಗೆ ಹೋಗುವ ದಾರಿಯನ್ನು ಕಟ್ಟಿಹಾಕಿದ್ದವು. ತೂಬು ಮುಚ್ಚಿಹೋದ ಕೆರೆಯ ಹಾಗೆ. ಒಳಗೆ ಹರಿದು ಬರ್ತಾನೇ ಇದೆ, ಹೊರಗೆ ಹೋಗಲ್ಲ. ಕೆರೆ ಉಬ್ಬುತ್ತೆ, ಕೆಳಗಿನ ಗದ್ದೆ ಒಣಗುತ್ತೆ. ಮೈಯಲ್ಲಿ ಓಡಾಡಬೇಕಾದ ರಕ್ತದ ದೊಡ್ಡ ಪಾಲು ಕೆಲವೇ ಗಂಟೆಗಳಲ್ಲಿ ಅಲ್ಲಿ ಸೇರಿಕೊಂಡುಬಿಡುತ್ತೆ. ಹೊರಗೆ ಒಂದು ಹನಿ ರಕ್ತ ಹೋಗಿರಲ್ಲ, ಆದರೂ ರಕ್ತಸ್ರಾವವಾದ ಮಗುವಿನ ಹಾಗೇ ನಾಡಿ ಓಡುತ್ತೆ, ಕೈಕಾಲು ತಣ್ಣಗಾಗುತ್ತೆ. ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಲ್ಲೇ ಇದು ಜಾಸ್ತಿ. ಜ್ವರ ಇರಲೇಬೇಕು ಅಂತೇನಿಲ್ಲ.

ಚಿಕಿತ್ಸೆಯಲ್ಲಿ ಒಂದು ಸೂಕ್ಷ್ಮ ಇದೆ. ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಗಮನಿಸಿ. ರಕ್ತ ತುಂಬಾ ಕಮ್ಮಿ ಇದೆ ಅಂತ ಧಾರಾಳವಾಗಿ ಕೊಟ್ಟುಬಿಡಬಾರದು. ಗುಲ್ಮದಲ್ಲಿ ಸಿಕ್ಕಿಕೊಂಡ ರಕ್ತ ಮುಂದಿನ ದಿನಗಳಲ್ಲಿ ವಾಪಸ್ ಬರುತ್ತೆ. ನಾವು ಕೊಟ್ಟಿದ್ದು, ಅದು ಬಿಟ್ಟಿದ್ದು ಎರಡೂ ಸೇರಿದರೆ ರಕ್ತ ಮಂದವಾಗಿ ಮಿದುಳಿಗೆ ಅಪಾಯ. ಹಾಗಾಗಿ ಕೆಜಿಗೆ 5 ಮಿಲಿಯಂತೆ ಕೊಟ್ಟು, ಕಾದು, ಮತ್ತೆ ನೋಡುತ್ತೇವೆ. ಒಂಬತ್ತು ಕೆಜಿ ತೂಗುತ್ತಿದ್ದ ಈ ಹುಡುಗಿಗೆ ಮೊದಲ ಸಲ ಕೊಟ್ಟಿದ್ದು 45 ಮಿಲಿ. "ಇಷ್ಟೇನಾ" ಅಂತ ಅಪ್ಪ ಕೇಳಿದರು. ಅವರು ರಕ್ತನಿಧಿಗೆ ಓಡಿಹೋಗಿ, ಬೆಳಗಿನ ಜಾವ ಐಸ್ ಪೆಟ್ಟಿಗೆ ಎದೆಗೆ ಅವಚಿಕೊಂಡು ತಂದಿದ್ದರು. ಕೇಳೋದು ಸಹಜ ಅಲ್ವಾ? ನಿಂತು ವಿವರವಾಗಿ ಹೇಳಿದೆ. ಇದಕ್ಕೆ ಐದು ನಿಮಿಷ ಸಾಕು, ನಮ್ಮಲ್ಲಿ ಎಷ್ಟೋ ಜನ ಆ ಐದು ನಿಮಿಷ ಕೊಡಲ್ಲ.

ಮಾರನೇ ದಿನ ಸಂಜೆ ಸಿಸ್ಟರ್ ಡ್ರಿಪ್ ಸೂಜಿ ಬದಲಾಯಿಸಲು ಬಂದಾಗ ಹುಡುಗಿ ವಾರ್ಡ್ ಹಾರಿಹೋಗುವ ಹಾಗೆ ಕಿರುಚಿದಳು. ಔಷಧಿ ಡಬ್ಬದ ರಟ್ಟು ಕತ್ತರಿಸಿ, ಹತ್ತಿ ಸುತ್ತಿ, ಪುಟ್ಟ ಕೈಗೆ ಪಟ್ಟಿ ಕಟ್ಟಿದ್ದರು. ಆ ಪಟ್ಟಿಯಿಂದಲೇ ಸಿಸ್ಟರ್‌ಗೆ ಹೊಡೆದಳು. ತಾಯಿ ನಕ್ಕಿದ್ದು ಆಗಲೇ. ಮುಂದಿನ ದಿನಗಳಲ್ಲಿ ಗುಲ್ಮ ಒಂದೊಂದೇ ಬೆರಳು ಒಳಗೆ ಸರಿಯಿತು. ಪ್ರತಿದಿನ ರೌಂಡ್ಸಿನಲ್ಲಿ ನಾನು ಅಳೆಯುವ ಮುಂಚೆ ತಾಯಿಯನ್ನು ಕೇಳುತ್ತಿದ್ದೆ, ಇವತ್ತು ಎಷ್ಟು ಬೆರಳು ಅಂತ. ಆಕೆಯ ಲೆಕ್ಕವೂ ನನ್ನ ಲೆಕ್ಕವೂ ಒಂದೇ ಇರುತ್ತಿತ್ತು.

ತಾಯಂದಿರಿಗೆ ಹೀಗೆ ಕಲಿಸುವುದು ನಮ್ಮ ವಾರ್ಡಿನ ಸಿಸ್ಟರ್ ಕಂಡುಹಿಡಿದಿದ್ದಲ್ಲ. ಇದು ಬಂದಿದ್ದು ಜಮೈಕಾ ಅನ್ನುವ ಸಣ್ಣ ದ್ವೀಪದಿಂದ. ಅಲ್ಲಿನ ಕಿಂಗ್‌ಸ್ಟನ್ ನಗರದ ವಿಕ್ಟೋರಿಯಾ ಜುಬಿಲಿ ಆಸ್ಪತ್ರೆಯಲ್ಲಿ 1973ರಿಂದ 1981ರವರೆಗೆ ಹುಟ್ಟಿದ ಒಂದು ಲಕ್ಷ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಡಾ. ಗ್ರಹಾಂ ಸರ್ಜಂಟ್ ಅವರ ತಂಡದ ಕೆಲಸ ಅದು. ಕಾಯಿಲೆ ಸಿಕ್ಕ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ಗುಲ್ಮದಲ್ಲಿ ರಕ್ತ ಸಿಕ್ಕಿಕೊಂಡು ಮಕ್ಕಳು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಡುವುದು ಕಂಡಿತು. ಆಗ ಅವರು ತಾಯಂದಿರಿಗೆ ಗುಲ್ಮ ಮುಟ್ಟಿ ನೋಡೋದನ್ನ ಕಲಿಸಿದರು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. 1985ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಮೊದಲು ಇಂಥ ನೂರು ಪ್ರಕರಣಗಳಲ್ಲಿ ಸುಮಾರು 29 ಸಾವಾಗುತ್ತಿದ್ದರೆ, ತಾಯಂದಿರಿಗೆ ಕಲಿಸಿದ ಮೇಲೆ ಅದು 3ಕ್ಕೆ ಇಳಿಯಿತು. ಪ್ರಕರಣಗಳ ಸಂಖ್ಯೆ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿಯಾಯಿತು, ಯಾಕೆಂದರೆ ಮುಂಚೆ ಯಾರ ಕಣ್ಣಿಗೂ ಬೀಳದೇ ಹೋಗುತ್ತಿದ್ದವೂ ಈಗ ತಾಯಂದಿರ ಕೈಗೆ ಸಿಗುತ್ತಿದ್ದವು. ಮಕ್ಕಳ ವೈದ್ಯದಲ್ಲಿ ನಾನು ಓದಿದ ಲೆಕ್ಕಗಳಲ್ಲಿ ಇದರಷ್ಟು ಸಂತೋಷ ಕೊಟ್ಟ ಲೆಕ್ಕ ಇನ್ನೊಂದಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಒಂದು ವಿಶೇಷ ಇದೆ. ಆಫ್ರಿಕಾ ಮೂಲದ ಮಕ್ಕಳಲ್ಲಿ ಗುಲ್ಮ ಕೆಲವು ವರ್ಷಗಳಲ್ಲಿ ಮುದುಡಿಹೋಗೋದು ಜಾಸ್ತಿ. ನಮ್ಮ ದೇಶದ ಎಷ್ಟೋ ಮಕ್ಕಳಲ್ಲಿ ಅದು ದೊಡ್ಡದಾಗಿಯೇ ಉಳಿಯುತ್ತೆ. ಹಾಗಾಗಿ ಹೊಸ ಡಾಕ್ಟರ್ ಮುಟ್ಟಿದರೆ "ಗುಲ್ಮ ದೊಡ್ಡದಿದೆ" ಅಂತ ಗೊತ್ತಾಗುತ್ತೆ. ನಿನ್ನೆಗಿಂತ ದೊಡ್ಡದಾ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಿನ್ನೆ ಮುಟ್ಟಿದವರು ನೀವು.

ಇನ್ನು ಜ್ವರದ ಮಾತು. ಬೇರೆ ಮಕ್ಕಳಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು, ಒದ್ದೆ ಬಟ್ಟೆ ಹಾಕಿ, ಎರಡು ದಿನ ನೋಡೋಣ ಅನ್ನಬಹುದು. ಈ ಮಕ್ಕಳಿಗೆ ಅನ್ನುವ ಹಾಗಿಲ್ಲ. ಗುಲ್ಮ ಸೋಂಕಿನ ವಿರುದ್ಧ ಕಾವಲಿದ್ದ ಹಾಗೆ ಕೆಲಸ ಮಾಡುವ ಅಂಗ. ಸಿಕಲ್ ಸೆಲ್ ಇರುವ ಮಗುವಿಗೆ ಅದು ಎಷ್ಟೇ ದೊಡ್ಡದಿದ್ದರೂ ಕೆಲಸ ಮಾಡುತ್ತದೆಂಬ ಭರವಸೆ ಇಲ್ಲ. ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಬೆಳಿಗ್ಗೆ ಆಡುತ್ತಿದ್ದ ಮಗು ರಾತ್ರಿ ಇರದೇ ಹೋಗಬಹುದು. ಆದ್ದರಿಂದ 101 ಡಿಗ್ರಿ ದಾಟಿದರೆ ಆ ಹೊತ್ತಿಗೇ ಆಸ್ಪತ್ರೆ. ರಕ್ತದ ಮಾದರಿ ತೆಗೆದುಕೊಂಡು ಕೂಡಲೇ ಆಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡಬೇಕು, ವರದಿಗೆ ಕಾಯಬಾರದು. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಮೈ ಮುಟ್ಟಿ "ಬೆಚ್ಚಗಿದೆ" ಅಂದರೆ ಆಸ್ಪತ್ರೆಯಲ್ಲಿ ಒಬ್ಬರು ನಂಬುತ್ತಾರೆ, ಒಬ್ಬರು ನಂಬಲ್ಲ. 102 ಅಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ.

ರಾತ್ರಿ ಆಯಿತು, ಕಾಡು ದಾರಿ, ಬೆಳಗಾಗಲಿ ಅಂತ ಕಾಯುವವರು ಇದ್ದಾರೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಲ್ಲ, ನಿಜ. ಆಂಬುಲೆನ್ಸಿಗೆ ಆ ತಡೆ ಇಲ್ಲ. ಆಶಾ ಅಕ್ಕಂದಿರೇ, ದಯವಿಟ್ಟು ಇದನ್ನು ಪ್ರತಿ ಹಾಡಿಯಲ್ಲೂ ಪೋಡಿನಲ್ಲೂ ಹೇಳಿ.

ಸೋಂಕು ಬರದ ಹಾಗೆ ತಡೆಯೋಕೆ ಪೆನಿಸಿಲಿನ್ ಇದೆ. ದಿನಕ್ಕೆ ಎರಡು ಸಲ, ಐದು ವರ್ಷ ತುಂಬುವವರೆಗೆ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೆನಿಸಿಲಿನ್ ತೆಗೆದುಕೊಂಡ ಮಕ್ಕಳಲ್ಲಿ ಇಂಥ ಸೋಂಕು ಶೇಕಡಾ 84ರಷ್ಟು ಕಮ್ಮಿಯಾಗಿತ್ತು. ಫಲ ಅಷ್ಟು ಸ್ಪಷ್ಟವಾಗಿತ್ತು ಅಂತ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ನ್ಯುಮೋಕಾಕಸ್ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರ್ಕಾರದ ಲಸಿಕೆ ಪಟ್ಟಿಯಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಈ ಕಾಯಿಲೆಯಲ್ಲಿ ಆಗಾಗ ಬರುವ ನೋವನ್ನು ಅದು ಚೆನ್ನಾಗಿ ತಗ್ಗಿಸುತ್ತೆ.

ಐರನ್ ಟಾನಿಕ್ ಬಗ್ಗೆ ಒಂದು ಮಾತು ಹೇಳದೇ ಹೋದರೆ ನನಗೆ ಸಮಾಧಾನ ಆಗಲ್ಲ. ಮಗು ಬಿಳುಚಿಕೊಂಡಿದೆ ಅಂದ ಕೂಡಲೇ ನಮ್ಮಲ್ಲಿ ಕೆಂಪು ಟಾನಿಕ್ ಬಾಟಲಿ ಬರುತ್ತೆ. ಈ ಮಕ್ಕಳ ರಕ್ತ ಕಮ್ಮಿ ಇರೋದು ಕಣಗಳು ಬೇಗ ಒಡೆಯುವುದರಿಂದ. ಕಬ್ಬಿಣದ ಕೊರತೆ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗದೇ ಟಾನಿಕ್ ಕೊಡಬೇಡಿ. ಪದೇ ಪದೇ ರಕ್ತ ಹಾಕಿಸಿಕೊಂಡ ಮಕ್ಕಳಿಗಂತೂ ಕಬ್ಬಿಣ ಜಾಸ್ತಿಯಾಗಿ ಲಿವರ್‌ಗೆ, ಹೃದಯಕ್ಕೆ ಪೆಟ್ಟು. ಫೋಲಿಕ್ ಆಮ್ಲ ಬೇರೆ, ಅದನ್ನು ಡಾಕ್ಟರ್ ಹೇಳಿದಂತೆ ಕೊಡಬಹುದು.

ಆಸ್ಪತ್ರೆ ವಾಸದ ಕಡೆ ಬರುತ್ತೇನೆ. ಇಂಥ ಮಗು ಅಡ್ಮಿಟ್ ಆದರೆ ಇಡೀ ಮನೆ ಅಡ್ಮಿಟ್ ಆದ ಹಾಗೆ. ತಾಯಿ ಮಂಚದ ಪಕ್ಕ ನೆಲದ ಮೇಲೆ. ಅಪ್ಪನಿಗೆ ಕೂಲಿ ಇಲ್ಲ. ದೊಡ್ಡ ಮಗು ಅಕ್ಕಪಕ್ಕದವರ ಮನೆಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ಇಲ್ಲದಿದ್ದರೂ ಬಸ್ಸಿಗೆ, ಊಟಕ್ಕೆ, ಫೋನಿಗೆ ಆಗುತ್ತೆ. ಆ ಹುಡುಗಿಯ ಅಪ್ಪ ರಕ್ತ ಕೊಟ್ಟ ಮೇಲೆ ಬರೀ ಟೀ ಬನ್ನಿನಲ್ಲಿ ದಿನ ಕಳೆದಿದ್ದು ನಮಗೆ ಗೊತ್ತಾಗಿದ್ದೂ ಪಕ್ಕದ ಮಂಚದವರು ಹೇಳಿದ ಮೇಲೆ. ಇದನ್ನು ಕೇಳುವ ಜವಾಬ್ದಾರಿ ವಾರ್ಡಿನದು ಅಂತ ನಾನು ನಂಬುತ್ತೇನೆ. ಮಗುವಿನ ಚಾರ್ಟಿನಲ್ಲಿ "ಜೊತೆಗಿರುವವರು ಊಟ ಮಾಡಿದರಾ" ಅಂತ ಒಂದು ಸಾಲು ಇದ್ದರೆ ತಪ್ಪೇನು?

ಆದರೂ ನಮ್ಮಲ್ಲಿ ಒಂದು ಒಳ್ಳೇ ಪದ್ಧತಿ ಮೊದಲಿಂದಲೂ ಇದೆ, ತಾಯಿ ಮಗುವಿನ ಜೊತೆಗೇ ಇರುತ್ತಾಳೆ. ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಲ್ಲಿ 1950ರ ದಶಕದಲ್ಲೂ ಅಪ್ಪ ಅಮ್ಮ ಗೊತ್ತಾದ ಹೊತ್ತಿಗೆ ಬಂದು ನೋಡಿಕೊಂಡು ಹೋಗಬೇಕಿತ್ತು. 1959ರಲ್ಲಿ ಪ್ಲಾಟ್ ಸಮಿತಿ ವರದಿ ಕೊಟ್ಟು, ಯಾವಾಗ ಬೇಕಾದರೂ ಬರಲು ಬಿಡಿ, ಸಣ್ಣ ಮಕ್ಕಳ ತಾಯಂದಿರಿಗೆ ಉಳಿಯಲು ಜಾಗ ಕೊಡಿ ಅಂತ ಹೇಳಬೇಕಾಯಿತು. ನಮ್ಮಲ್ಲಿ ತಾಯಿ ಇರುತ್ತಾಳೆ, ಆದರೆ ಅವಳನ್ನು ನಾವು ಏನು ಕೇಳುತ್ತೇವೆ? ಬಟ್ಟೆ ಬದಲಾಯಿಸು, ಔಷಧಿ ತಗೊಂಡು ಬಾ, ಆಚೆ ನಿಲ್ಲು. ಮಗು ಹೇಗಿದೆ ಅನ್ನಿಸುತ್ತೆ ನಿನಗೆ ಅಂತ ಕೇಳೋದು ಅಪರೂಪ. ಎರಡು ವರ್ಷದ ಮಗುವಿಗೆ ಎಲ್ಲಿ ನೋವು ಅಂತ ಹೇಳೋಕೆ ಬರಲ್ಲ. ಮುಖ, ಕಾಲು, ಹೊರಳಾಟ, ಅಳು, ಸಮಾಧಾನ ಆಗುತ್ತಾ ಇಲ್ಲವಾ ಅನ್ನೋದನ್ನ ನೋಡಿ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುವ ಕ್ರಮ ನಮ್ಮಲ್ಲಿದೆ. ಒಳ್ಳೆಯದೇ. ಆ ಐದನ್ನೂ ಅಮ್ಮನಿಗಿಂತ ಚೆನ್ನಾಗಿ ನೋಡುವವರು ಯಾರು?

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಮಾರ್ಥಾ ನಿಯಮ ಅಂತ ಒಂದನ್ನು ತರುತ್ತಿದ್ದಾರೆ. ಮಗು ಕೆಡುತ್ತಿದೆ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂತ ಮನೆಯವರಿಗೆ ಅನ್ನಿಸಿದರೆ ಬೇರೆ ತಂಡದಿಂದ ತುರ್ತಾಗಿ ನೋಡಿಸಿ ಅಂತ ಅವರೇ ಕೇಳಬಹುದು. ಒಂದು ಮಗುವಿನ ಸಾವಿನ ನಂತರ ಅಪ್ಪ ಅಮ್ಮ ಹೋರಾಡಿ ತಂದಿದ್ದು ಅದು. ನಮಗೆ ಅಷ್ಟು ಡಾಕ್ಟರುಗಳಿಲ್ಲ, ನಿಜ. ಆದರೆ ತಾಯಿ "ಇವತ್ತು ಬೇರೆ ಥರ ಇದ್ದಾಳೆ" ಅಂದಾಗ ಆ ಮಾತನ್ನು ಕೇಸ್ ಶೀಟಿನಲ್ಲಿ ಅವಳದೇ ಮಾತಿನಲ್ಲಿ ಬರೆದುಕೊಳ್ಳೋಕೆ, ಎದ್ದು ಹೋಗಿ ಮುಟ್ಟಿ ನೋಡೋಕೆ ಹೆಚ್ಚು ಡಾಕ್ಟರ್ ಬೇಕಿಲ್ಲ. ಇಲ್ಲಿರುವ ವಿದ್ಯಾರ್ಥಿಗಳ ಹತ್ತಿರ ನನ್ನ ಬೇಡಿಕೆ ಇಷ್ಟೇ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಮಿಷನ್ ಶುರುವಾಯಿತು. ಹದಿನೇಳು ರಾಜ್ಯಗಳಲ್ಲಿ ನಮ್ಮದೂ ಒಂದು. 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷೆಯ ಗುರಿ. ಕಾರ್ಡುಗಳೂ ಬರುತ್ತಿವೆ. ಒಳ್ಳೇ ಕೆಲಸ. ಆದರೆ ಕಾರ್ಡಿನಲ್ಲಿ ಕಾಯಿಲೆ ಇದೆ ಅಂತ ಬರೆದರೆ ಸಾಲದು. ಅದರ ಹಿಂದೆ ನಿಮ್ಮ ಡಾಕ್ಟರ್ ಹತ್ತಿರ ಮೂರು ವಿಷಯ ಪೆನ್ನಿನಲ್ಲಿ ಬರೆಸಿಕೊಳ್ಳಿ. ಮಗು ಚೆನ್ನಾಗಿದ್ದಾಗ ಹಿಮೋಗ್ಲೋಬಿನ್ ಎಷ್ಟು, ಗುಲ್ಮ ಎಷ್ಟು ಬೆರಳು, ರಕ್ತದ ಗುಂಪು ಯಾವುದು. ಮಗು ಬೆಳೆದ ಹಾಗೆ ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಸಿ. ಜೋರಾಗಿ ಮಾತಾಡೋಕೆ ಬಾರದ ತಾಯಿಯ ಪರವಾಗಿ ಆ ಕಾರ್ಡು ಮಾತಾಡುತ್ತೆ.

ಆ ಹುಡುಗಿಗೆ ಮತ್ತೆ ಹೀಗಾಗಬಹುದು. ಒಮ್ಮೆ ಆದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮತ್ತೆ ಆಗುತ್ತೆ. ಪದೇ ಪದೇ ಆದರೆ ಲಸಿಕೆಗಳನ್ನೆಲ್ಲ ಹಾಕಿ ಗುಲ್ಮ ತೆಗೆಯುವ ಆಪರೇಷನ್ ಬಗ್ಗೆ ಯೋಚಿಸುತ್ತೇವೆ. ಅಲ್ಲಿಯವರೆಗೆ ಅವಳ ಅಮ್ಮ ದಿನಾ ಸ್ನಾನ ಮಾಡಿಸುವಾಗ ಮುಟ್ಟಿ ನೋಡುತ್ತಾಳೆ. ಈಗ ಅಪ್ಪನೂ ಕಲಿತಿದ್ದಾರೆ, ಅಜ್ಜಿಯೂ ಕಲಿಯುತ್ತಿದ್ದಾರೆ.

ನನ್ನ ಮಾತು ಸಾಕು. ಈಗ ಚಾಪೆ ಹಾಸುತ್ತಾರೆ. ಮಕ್ಕಳನ್ನು ಅಂಗಾತ ಮಲಗಿಸಿ, ಮೊಣಕಾಲು ಸ್ವಲ್ಪ ಮಡಚಿ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯುತ್ತೆ. ಹೊಕ್ಕುಳದ ಕೆಳಗಿನಿಂದ ಶುರು ಮಾಡಿ, ಮೆಲ್ಲಗೆ ಎಡಗಡೆ ಪಕ್ಕೆಲುಬಿನ ಕಡೆ ಬನ್ನಿ. ಒತ್ತಬೇಡಿ. ಮಗು ಉಸಿರು ಎಳೆದಾಗ ಬೆರಳ ತುದಿಗೆ ಒಂದು ಅಂಚು ಬಂದು ತಾಕುತ್ತೆ. ಅಲ್ಲಿಂದ ಪಕ್ಕೆಲುಬಿನವರೆಗೆ ನಿಮ್ಮದೇ ಬೆರಳಲ್ಲಿ ಎಣಿಸಿ. ಸಿಸ್ಟರ್ ಮತ್ತು ನಾನು ಒಬ್ಬೊಬ್ಬರ ಹತ್ತಿರವೂ ಬರುತ್ತೇವೆ. ಅಪ್ಪಂದಿರೇ, ನೀವೂ ಮುಂದೆ ಬನ್ನಿ.